ಉಪ್ಪಿನ ಲೆಕ್ಕ ಹಿಡಿದ ಉಪಾಧ್ಯಾಯಿನಿ

ಸಿರುಗುಪ್ಪದ ಹೊಳೆ, ಕುರುಗೋಡಿನ ಬಾವಿ, ಬಳ್ಳಾರಿಯ ನಳ: ಮೂರರ ನೀರೂ ಲೋಟದಲ್ಲಿ ತಿಳಿಯಾಗಿಯೇ ಕಂಡೀತು. ಚರಂಡಿ ಬೆರೆತಿದೆಯೇ ಎಂಬುದನ್ನು ಕಣ್ಣು ಹೇಳದು.

ಉಪ್ಪಿನ ಅಂಶದಿಂದ ಅದನ್ನು ಗುರುತಿಸುವ ನಕ್ಷೆ ರೂಪಿಸಿದವರು ಎಲೆನ್ ಸ್ವಾಲೋ ರಿಚರ್ಡ್ಸ್. 1870ರಲ್ಲಿ ಅಮೆರಿಕದ ಎಂ.ಐ.ಟಿ. ಆಕೆಯನ್ನು ಶುಲ್ಕವಿಲ್ಲದೆ ಸೇರಿಸಿಕೊಂಡಿತು. ಔದಾರ್ಯದಿಂದಲ್ಲ, ಯಾರಾದರೂ ಆಕ್ಷೇಪಿಸಿದರೆ ಆಕೆ ವಿದ್ಯಾರ್ಥಿನಿಯೇ ಅಲ್ಲವೆಂದು ಜಾರಿಕೊಳ್ಳಲು! 1873ರಲ್ಲಿ ಅವರೇ ಅಲ್ಲಿಯ ಮೊದಲ ಪದವೀಧರೆ. 1884ರಿಂದ ನೈರ್ಮಲ್ಯ ರಸಾಯನಶಾಸ್ತ್ರದ ಬೋಧಕಿ.

1887ರಲ್ಲಿ ಆರಂಭವಾದ ಸಮೀಕ್ಷೆಯಲ್ಲಿ ಮೆಸಾಚುಸೆಟ್ಸ್ ರಾಜ್ಯದ ಸಾವಿರಾರು ನೀರಿನ ಮಾದರಿಗಳನ್ನು ಪರೀಕ್ಷಿಸಿದರು. ಕಡಲಿನಿಂದ ದೂರವಾದಂತೆ ನೀರಿನ ಸಹಜ ಕ್ಲೋರೈಡ್ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಕಂಡಲ್ಲಿ ಕೊಳಚೆಯ ಸಂಶಯ. ಬಳ್ಳಾರಿಯಂಥ ಒಳನಾಡಿನಲ್ಲಿ ಕಲ್ಲುಮಣ್ಣಿನ ಉಪ್ಪೂ ಸೇರುವುದರಿಂದ ಲೆಕ್ಕ ಅಷ್ಟು ಸರಳವಲ್ಲ, ನಿಜ.

ಮಗಳು ಸಿವಿಲ್ ಇಂಜಿನಿಯರಿಂಗ್ ಎಂದರೆ ಹಿಂಜರಿಯುವ ತಂದೆತಾಯಂದಿರೇ, ನೀರಿನ ಈ ವಿದ್ಯೆ ಅದರದೇ ಕವಲು. ರಿಚರ್ಡ್ಸ್ 1911ರಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದರು, ಬೋಧಕಿಯಾಗಿಯೇ. ಪ್ರೊಫೆಸರ್ ಹುದ್ದೆ ಸಿಗಲಿಲ್ಲ.