ಅರೋಮಾಂಶ್: ಕಡಲ ಮೇಲೆ ತೇಲಿ ಬಂದ ಬಂದರು

ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯಲ್ಲಿ, ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿರುವ ಪುಟ್ಟ ಊರು ಅರೋಮಾಂಶ್. ಜನಸಂಖ್ಯೆ ಐನೂರರ ಆಸುಪಾಸು. ಒಂದು ಚರ್ಚು, ಕೆಲವು ಹೋಟೆಲುಗಳು, ಕಡಲಿಗೆ ಮುಖ ಮಾಡಿ ನಿಂತ ಹಳೆಯ ಮನೆಗಳು, ಬೇಸಿಗೆಯಲ್ಲಿ ಮರಳಾಟಕ್ಕೆ ಬರುವ ಮಕ್ಕಳು. ಆ ಕರಾವಳಿಯುದ್ದಕ್ಕೂ ಇಂಥ ಊರುಗಳು ಸಾಲಾಗಿವೆ. ಆದರೆ ಇಲ್ಲಿ ದಂಡೆಯ ಮೇಲೆ ನಿಂತು ಸಮುದ್ರದತ್ತ ನೋಡಿದರೆ, ದೂರದ ನೀರಿನಲ್ಲಿ ಕಪ್ಪಗಿನ ಭಾರಿ ಕಾಂಕ್ರೀಟ್ ಪೆಟ್ಟಿಗೆಗಳು ಕಮಾನಿನಂತೆ ಸಾಲುಗಟ್ಟಿರುವುದು ಕಾಣುತ್ತದೆ. ಅವು ಇಲ್ಲಿ ಎರಕ ಹೊಯ್ದವಲ್ಲ. 1944ರ ಜೂನ್‌ನಲ್ಲಿ ಇಂಗ್ಲೆಂಡಿನಿಂದ ಕಡಲ ಮೇಲೆ ಎಳೆದು ತಂದವು. ಎರಡನೇ ಮಹಾಯುದ್ಧದ ನಡುವೆ, ಶತ್ರುವಿನ ಕಣ್ಣೆದುರೇ, ಬಂದರಿಲ್ಲದ ಊರಿನಲ್ಲಿ ಕಟ್ಟಿ ನಿಲ್ಲಿಸಿದ ಇಡೀ ಒಂದು ಬಂದರಿನ ಅವಶೇಷಗಳು ಅವು.

1944ರ ಜೂನ್ 6ರ ಬೆಳಿಗ್ಗೆ ಮಿತ್ರರಾಷ್ಟ್ರಗಳ ಸೇನೆ ಜರ್ಮನ್ನರ ಹಿಡಿತದಲ್ಲಿದ್ದ ನಾರ್ಮಂಡಿಯ ಐದು ತೀರಗಳಲ್ಲಿ ಇಳಿಯಿತು. ಪಶ್ಚಿಮದಿಂದ ಪೂರ್ವಕ್ಕೆ ಯೂಟಾ, ಒಮಾಹಾ, ಗೋಲ್ಡ್, ಜೂನೋ, ಸೋರ್ಡ್ ಎಂಬ ಗುಪ್ತನಾಮಗಳು. ಸುಮಾರು 7,000 ಹಡಗು-ದೋಣಿಗಳು, ಆಕಾಶದಲ್ಲಿ ಸಾವಿರಾರು ವಿಮಾನಗಳು. ಪ್ಯಾರಾಶೂಟ್‌ ಮತ್ತು ಗ್ಲೈಡರ್‌ಗಳಲ್ಲಿ ಇಳಿದವರೂ ಸೇರಿ ಮೊದಲ ದಿನವೇ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಫ್ರಾನ್ಸಿನ ನೆಲ ಮುಟ್ಟಿದರು. ಇತಿಹಾಸದ ಅತಿ ದೊಡ್ಡ ಕಡಲ ದಾಳಿ ಇದು. ಆ ದಿನದ ಶೌರ್ಯವನ್ನು ಸಿನಿಮಾಗಳು, ಪುಸ್ತಕಗಳು ಮತ್ತೆ ಮತ್ತೆ ಹೇಳಿವೆ. ಅರೋಮಾಂಶ್ ಹೇಳುವುದು ಮರುದಿನದಿಂದ ಶುರುವಾದ ಕಥೆ. ಇಳಿದ ಸೈನ್ಯಕ್ಕೆ ಊಟ, ಮದ್ದುಗುಂಡು, ಪೆಟ್ರೋಲು, ಔಷಧಿ ದಿನವೂ ಮುಟ್ಟಿಸುವುದು ಹೇಗೆ? ದಾಳಿಯ ಗೆಲುವು-ಸೋಲು ನಿಂತಿದ್ದೇ ಈ ಪ್ರಶ್ನೆಯ ಮೇಲೆ.

ದಿಯೆಪ್ ಕಲಿಸಿದ ಪಾಠ

1942ರ ಆಗಸ್ಟ್ 19ರಂದು ಮಿತ್ರಪಡೆಗಳು ಇದೇ ಕರಾವಳಿಯಲ್ಲಿ, ಇನ್ನಷ್ಟು ಪೂರ್ವಕ್ಕಿರುವ ದಿಯೆಪ್ ಬಂದರಿನ ಮೇಲೆ ನೇರವಾಗಿ ಎರಗಿದ್ದವು. ಹೋದ ಸುಮಾರು 6,000 ಮಂದಿಯಲ್ಲಿ ಹೆಚ್ಚಿನವರು ಕೆನಡಾದವರು. ಕೆಲವೇ ಗಂಟೆಗಳಲ್ಲಿ ಕೆನಡಾದ 900ಕ್ಕೂ ಹೆಚ್ಚು ಯೋಧರು ಪ್ರಾಣ ಕಳೆದುಕೊಂಡರು, ಅದಕ್ಕೂ ಹೆಚ್ಚು ಮಂದಿ ಸೆರೆಯಾದರು. ಕೋಟೆಯಂತೆ ಭದ್ರಪಡಿಸಿದ ಬಂದರನ್ನು ಎದುರಿನಿಂದ ಹಿಡಿಯಲಾಗದು ಎಂಬ ಕಹಿಸತ್ಯ ಅಂದು ಗೊತ್ತಾಯಿತು. ಒಂದು ವೇಳೆ ಹಿಡಿದರೂ, ಜರ್ಮನ್ನರು ಬಂದರನ್ನು ಪುಡಿಗಟ್ಟಿಯೇ ಬಿಟ್ಟುಕೊಡುತ್ತಿದ್ದರು. 1944ರ ಜೂನ್ ಕೊನೆಯಲ್ಲಿ ಶೆರ್ಬೂರ್ ಬಂದರು ಕೈಗೆ ಸಿಕ್ಕಾಗ ಆದದ್ದೂ ಅದೇ. ಅದನ್ನು ಬಳಕೆಗೆ ತರಲು ವಾರಗಟ್ಟಲೆ ಹಿಡಿಯಿತು.

ಬಂದರನ್ನು ಹಿಡಿಯಲಾಗದಿದ್ದರೆ ಬಂದರನ್ನೇ ಜೊತೆಗೆ ಒಯ್ಯೋಣ ಎಂಬ ತೀರ್ಮಾನಕ್ಕೆ ಯೋಜಕರು ಬಂದರು. ಉಬ್ಬರ-ಇಳಿತಕ್ಕೆ ತಕ್ಕಂತೆ ಏರಿಳಿಯುವ ಧಕ್ಕೆ ಬೇಕೆಂದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ದಿಯೆಪ್ ದಾಳಿಗೂ ಮೊದಲೇ, 1942ರ ಮೇನಲ್ಲಿ, ಟಿಪ್ಪಣಿ ಬರೆದಿದ್ದರು. ಏರಿಳಿತದ ಮಾತು ಇಲ್ಲಿ ಸಣ್ಣದಲ್ಲ. ಮಂಗಳೂರಿನ ಕಡಲಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟ ಒಂದೂವರೆ ಮೀಟರಿನಷ್ಟು ವ್ಯತ್ಯಾಸವಾದರೆ, ಅರೋಮಾಂಶ್‌ನಲ್ಲಿ ಅದು ಆರೇಳು ಮೀಟರ್ ತಲುಪುತ್ತದೆ. ಇಳಿತದಲ್ಲಿ ಸಮುದ್ರ ನೂರಾರು ಮೀಟರ್ ಹಿಂದೆ ಸರಿದು ಬಟಾಬಯಲಿನಂಥ ಮರಳು ತೆರೆದುಕೊಳ್ಳುತ್ತದೆ. ಇಂಥ ತೀರದಲ್ಲಿ ಮಾಮೂಲಿ ಧಕ್ಕೆ ಕಟ್ಟಿದರೆ ಅರ್ಧ ದಿನ ಅದು ಒಣನೆಲದ ಮೇಲಿರುತ್ತದೆ.

ಬಂದರು ಕಟ್ಟಿದ ಬಗೆ

ಹೀಗೆ ಹುಟ್ಟಿದ್ದು ‘ಮಲ್ಬರಿ’ ಎಂಬ ಗುಪ್ತನಾಮದ ಬಂದರು. ಒಟ್ಟು ಎರಡು: ಒಮಾಹಾ ತೀರದಲ್ಲಿ ಅಮೆರಿಕನ್ನರಿಗೆ ಒಂದು, ಅರೋಮಾಂಶ್‌ನಲ್ಲಿ ಬ್ರಿಟಿಷರಿಗೆ ಇನ್ನೊಂದು. ಇಂಗ್ಲೆಂಡಿನ ನದೀಮುಖಗಳಲ್ಲಿ, ಹಡಗುಕಟ್ಟೆಗಳಲ್ಲಿ ಸಾವಿರಾರು ಕಾರ್ಮಿಕರು ತಿಂಗಳುಗಟ್ಟಲೆ ಇದರ ಬಿಡಿಭಾಗಗಳನ್ನು ತಯಾರಿಸಿದರು. ತಾವು ಕಟ್ಟುತ್ತಿರುವುದು ಏನೆಂಬುದು ಅವರಲ್ಲಿ ಬಹುತೇಕರಿಗೆ ಗೊತ್ತಿರಲಿಲ್ಲ.

ಇಂದು ದೂರದಲ್ಲಿ ಕಾಣುವ ಪೆಟ್ಟಿಗೆಗಳ ಹೆಸರು ‘ಫೀನಿಕ್ಸ್’. ದೊಡ್ಡವು ಸುಮಾರು 60 ಮೀಟರ್ ಉದ್ದ, 18 ಮೀಟರ್ ಎತ್ತರ, 6,000 ಟನ್ ತೂಕ. ಒಳಗೆ ಪೊಳ್ಳಾಗಿದ್ದರಿಂದ ಅಷ್ಟು ತೂಕದ ಕಾಂಕ್ರೀಟೂ ತೇಲುತ್ತಿತ್ತು. ಟಗ್ ಹಡಗುಗಳು ಇವನ್ನು ಇಂಗ್ಲಿಷ್ ಕಾಲುವೆಯ ಆಚೆಯಿಂದ ನಿಧಾನವಾಗಿ ಎಳೆದು ತಂದವು. ಗುರುತು ಮಾಡಿದ ಜಾಗಕ್ಕೆ ಬಂದ ಮೇಲೆ ಕವಾಟ ತೆರೆದು ನೀರು ತುಂಬಿಸಿದರೆ, ಪೆಟ್ಟಿಗೆ ಕುಸಿದು ಸಮುದ್ರತಳದ ಮೇಲೆ ಕೂರುತ್ತಿತ್ತು. ಮೇಲ್ಭಾಗ ಮಾತ್ರ ಉಬ್ಬರದ ನೀರಿಗಿಂತ ಎತ್ತರದಲ್ಲಿ ಉಳಿಯುತ್ತಿತ್ತು. ಇದೇ ಅಲೆ ತಡೆಗೋಡೆ. ಕೆಲವು ಪೆಟ್ಟಿಗೆಗಳ ನೆತ್ತಿಯ ಮೇಲೆ ವಿಮಾನ ಹೊಡೆಯುವ ಫಿರಂಗಿಗಳೂ, ಅವುಗಳ ಸಿಬ್ಬಂದಿಯೂ ಇದ್ದರು. ಫೀನಿಕ್ಸ್‌ಗಳು ಬರುವ ಮುಂಚೆಯೇ ಹಳೆಯ ಹಡಗುಗಳನ್ನು ಸಾಲಾಗಿ ಮುಳುಗಿಸಿ ಅಲೆಗೆ ಮೊದಲ ತಡೆ ಒಡ್ಡಲಾಗಿತ್ತು.

ಗೋಡೆಯ ಒಳಗಿನ ಶಾಂತ ನೀರಿನಲ್ಲಿ ಧಕ್ಕೆಗಳಿದ್ದವು. ಪ್ರತಿಯೊಂದಕ್ಕೂ ತಳಕ್ಕೆ ಊರಿದ ನಾಲ್ಕು ಉಕ್ಕಿನ ಕಾಲುಗಳು. ನೀರು ಏರಿದಂತೆ ಅಟ್ಟ ಕಾಲಿನ ಮೇಲೆ ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. ಅಲ್ಲಿಂದ ದಂಡೆಯವರೆಗೆ ತೇಲುವ ರಸ್ತೆ. ಉಕ್ಕಿನ ಸೇತುವೆಯ ತುಂಡುಗಳನ್ನು ಜೋಡಿಸಿ, ಕೆಳಗೆ ಕಾಂಕ್ರೀಟಿನ ತೇಲುಪೀಪಾಯಿಗಳ ಆಸರೆ ಕೊಟ್ಟಿದ್ದರು. ಅಲೆ ಬಂದಾಗ ರಸ್ತೆ ಮುರಿಯದೆ ಬಳುಕುವಂತೆ ಇದನ್ನು ರೂಪಿಸಿದವರು ಎಂಜಿನಿಯರ್ ಆಲನ್ ಬೆಕೆಟ್. ರಸ್ತೆಯನ್ನು ಹಿಡಿದಿಡಲು ಅವರು ಮಾಡಿದ ಲಂಗರಿನ ಗುಣ ವಿಶೇಷವಾದುದು: ಎಳೆದಷ್ಟೂ ಅದು ತಳದ ಮಣ್ಣಿನಲ್ಲಿ ಇನ್ನಷ್ಟು ಆಳಕ್ಕೆ ಹೂತುಕೊಳ್ಳುತ್ತಿತ್ತು.

ದಂಡೆಯ ಮೇಲೆ ಇಂದಿಗೂ ಬಿದ್ದಿರುವ ಕೆಲವು ತೇಲುಪೀಪಾಯಿಗಳ ಹತ್ತಿರಕ್ಕೆ ಇಳಿತದ ಹೊತ್ತಿನಲ್ಲಿ ನಡೆದೇ ಹೋಗಬಹುದು. ಬದಿಗಳಿಗೆ ಹಸಿರು ಪಾಚಿ, ಕಪ್ಪು ನೀಲಿಕಲ್ಲು ಚಿಪ್ಪುಗಳು ಅಂಟಿಕೊಂಡಿವೆ. ಒಡೆದ ಅಂಚುಗಳಿಂದ ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಹೊರಚಾಚಿವೆ. ಗೋಡೆಯ ದಪ್ಪ ನೋಡಿದರೆ ಅಚ್ಚರಿಯಾಗುತ್ತದೆ, ಅಷ್ಟು ತೆಳು. ಭಾರ ಕಡಿಮೆ ಮಾಡಲು, ಸಾಮಗ್ರಿ ಉಳಿಸಲು ಲೆಕ್ಕ ಹಾಕಿ ಹಾಕಿ ಕಟ್ಟಿದ ಕೆಲಸ ಅದು ಎಂಬುದು ಅಲ್ಲೇ ಅರ್ಥವಾಗುತ್ತದೆ.

ಸೈನ್ಯ ಇಳಿಸದೆ ಉಳಿಸಿಕೊಂಡ ತೀರ

ಅರೋಮಾಂಶ್ ಗೋಲ್ಡ್ ತೀರದ ವ್ಯಾಪ್ತಿಯಲ್ಲಿದ್ದರೂ ಅದರ ಎದುರಿಗೇ ಸೈನ್ಯ ಇಳಿಯಲಿಲ್ಲ. ಬಂದರು ಕಟ್ಟಬೇಕಾದ ನೀರಿನಲ್ಲಿ ಮುರಿದ ದೋಣಿ, ಟ್ಯಾಂಕುಗಳು ಬಿದ್ದಿರಬಾರದಲ್ಲ! ಬ್ರಿಟಿಷ್ ಹ್ಯಾಂಪ್‌ಶೈರ್ ರೆಜಿಮೆಂಟಿನ ತುಕಡಿ ಪೂರ್ವಕ್ಕಿರುವ ಲ ಅಮೆಲ್ ಬಳಿ ಇಳಿದು, ಅಲ್ಲಿ ಭಾರಿ ಸಾವುನೋವು ಅನುಭವಿಸಿ, ನೆಲದ ದಾರಿಯಲ್ಲಿ ಬಂದು ಸಂಜೆಯ ಹೊತ್ತಿಗೆ ಊರನ್ನು ವಶಪಡಿಸಿಕೊಂಡಿತು. ಮರುದಿನದಿಂದಲೇ ಹಡಗು ಮುಳುಗಿಸುವ ಕೆಲಸ ಶುರು. ಜೂನ್ ಮಧ್ಯದ ಹೊತ್ತಿಗೆ ಸರಕು ಇಳಿಯತೊಡಗಿತು.

ಜೂನ್ 19ರಂದು ಬಿರುಗಾಳಿ ಎದ್ದಿತು. ಮೂರು ದಿನ ಬಿಡದೆ ಬಡಿದು, ಒಮಾಹಾದ ಮಲ್ಬರಿಯನ್ನು ಮತ್ತೆ ಬಳಸಲಾಗದಂತೆ ಮಾಡಿತು. ಅರೋಮಾಂಶ್‌ನದು ಪೆಟ್ಟು ತಿಂದರೂ ಉಳಿಯಿತು. ಒಮಾಹಾದ ಬಿಡಿಭಾಗಗಳನ್ನೂ ತಂದು ದುರಸ್ತಿ ಮಾಡಿದರು. ಅಮೆರಿಕನ್ನರು ಆ ಬಳಿಕ ಹಡಗುಗಳನ್ನು ನೇರವಾಗಿ ಮರಳಿಗೇ ತಂದು ನಿಲ್ಲಿಸಿ, ನಿರೀಕ್ಷೆಗೂ ಮೀರಿ ಸರಕು ಇಳಿಸಿದರು. ಹಾಗಾದರೆ ಅಷ್ಟು ದುಡಿದು ಬಂದರು ಕಟ್ಟಬೇಕಿತ್ತೇ ಎಂದು ಕೆಲವು ಇತಿಹಾಸಕಾರರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಬಂದರು ಜೊತೆಯಲ್ಲಿದೆ ಎಂಬ ಧೈರ್ಯವಿಲ್ಲದೆ, ಬಂದರಿಲ್ಲದ ಈ ತೀರವನ್ನು ಯೋಜಕರು ಆರಿಸಿಕೊಳ್ಳುವುದೇ ಕಷ್ಟವಿತ್ತು. ಆ ಆಯ್ಕೆಯೇ ಜರ್ಮನ್ನರ ಲೆಕ್ಕ ತಪ್ಪಿಸಿತು: ದಾಳಿ ಬಂದರೆ ಕಾಲುವೆ ತೀರಾ ಕಿರಿದಾಗಿರುವ ಕ್ಯಾಲೆ ಪ್ರದೇಶದ ಕಡೆಯೇ ಎಂದು ಅವರು ನಂಬಿದ್ದರು. ಸುಳ್ಳು ಸೈನ್ಯ, ಸುಳ್ಳು ಸಂದೇಶಗಳಿಂದ ಮಿತ್ರಪಡೆಗಳು ಆ ನಂಬಿಕೆಗೆ ನೀರೆರೆದಿದ್ದವು. ಮೂರು ತಿಂಗಳ ಮಟ್ಟಿಗೆಂದು ಕಟ್ಟಿದ ಅರೋಮಾಂಶ್ ಬಂದರು ನವೆಂಬರ್‌ವರೆಗೂ ದುಡಿಯಿತು.

ತೀರ ಮತ್ತು ಬಂದರು ಎರಡೂ ಸೇರಿ ಸಾಧಿಸಿದ್ದಕ್ಕೆ ಲೆಕ್ಕವಿದೆ. ಜೂನ್ ಕೊನೆಯ ಹೊತ್ತಿಗೆ ನಾರ್ಮಂಡಿಯಲ್ಲಿ ಎಂಟೂವರೆ ಲಕ್ಷ ಸೈನಿಕರು, ಒಂದೂವರೆ ಲಕ್ಷದಷ್ಟು ವಾಹನಗಳು, ಐದೂವರೆ ಲಕ್ಷ ಟನ್ನಿಗೂ ಹೆಚ್ಚು ಸರಕು ಇಳಿದಿತ್ತು. ಆಗಸ್ಟ್ 25ರಂದು ಪ್ಯಾರಿಸ್ ಬಿಡುಗಡೆಯಾಯಿತು. ಪೂರ್ವದಲ್ಲಿ ಸೋವಿಯತ್ ಸೇನೆ ಮೂರು ವರ್ಷಗಳಿಂದ ನಾಜಿ ಸೈನ್ಯದ ಬಹುಪಾಲು ಭಾರ ಹೊತ್ತು ಕಾದಾಡುತ್ತಿತ್ತು. ನಾರ್ಮಂಡಿಯಿಂದಾಗಿ ಹಿಟ್ಲರ್ ಪಶ್ಚಿಮದಲ್ಲೂ ದೊಡ್ಡ ಯುದ್ಧ ಮಾಡಲೇಬೇಕಾಯಿತು. ಹನ್ನೊಂದು ತಿಂಗಳಲ್ಲಿ ಯೂರೋಪಿನ ಯುದ್ಧ ಮುಗಿಯಿತು.

ಭಾರತದ ಕಡಲಿಗೂ ಇದರ ಬಿಸಿ ತಟ್ಟಿತ್ತು. ಜಪಾನೀಯರ ಹಿಡಿತದಲ್ಲಿದ್ದ ಅಂಡಮಾನ್ ದ್ವೀಪಗಳ ಮೇಲೆ ಕಡಲ ದಾಳಿ ನಡೆಸುವ ಯೋಜನೆಯೊಂದು 1943ರಲ್ಲಿ ಸಿದ್ಧವಾಗಿತ್ತು. ಸೈನ್ಯ ಇಳಿಸುವ ದೋಣಿಗಳು ಯೂರೋಪಿಗೇ ಸಾಲದಾಗಿದ್ದರಿಂದ ಡಿಸೆಂಬರ್‌ನಲ್ಲಿ ಅದನ್ನು ಕೈಬಿಡಲಾಯಿತು.

ತೆತ್ತ ಬೆಲೆ

ಮೊದಲ ದಿನವೇ ಮಿತ್ರಪಡೆಗಳ 4,400ಕ್ಕೂ ಹೆಚ್ಚು ಮಂದಿ ಸತ್ತರು. ಒಮಾಹಾ ದಿಬ್ಬದ ಮೇಲಿನ ಅಮೆರಿಕನ್ ಸಮಾಧಿಸ್ಥಳದಲ್ಲಿ 9,000ಕ್ಕೂ ಹೆಚ್ಚು ಬಿಳಿ ಅಮೃತಶಿಲೆಯ ಗುರುತುಗಳಿವೆ. ಲಾ ಕಾಂಬ್‌ನಲ್ಲಿ 21,000ಕ್ಕೂ ಹೆಚ್ಚು ಜರ್ಮನ್ ಸೈನಿಕರು ಮಣ್ಣಾಗಿದ್ದಾರೆ. ಅರೋಮಾಂಶ್‌ಗೆ ಹತ್ತಿರದ ವೆರ್ ಸುರ್ ಮೆರ್‌ನಲ್ಲಿ 2021ರಲ್ಲಿ ತೆರೆದ ಬ್ರಿಟಿಷ್ ಸ್ಮಾರಕದ ಕಂಬಗಳ ಮೇಲೆ 22,442 ಹೆಸರುಗಳಿವೆ.

ಈ ಲೆಕ್ಕದಲ್ಲಿ ಊರಿನವರನ್ನು ಮರೆಯಬಾರದು. ಆ ಬೇಸಿಗೆಯ ಕದನದಲ್ಲಿ ನಾರ್ಮಂಡಿಯ ಸುಮಾರು 20,000 ನಾಗರಿಕರು ಸತ್ತರು. ಬಹಳಷ್ಟು ಮಂದಿ ಸತ್ತದ್ದು ತಮ್ಮನ್ನು ಬಿಡಿಸಲು ಬಂದವರ ಬಾಂಬುಗಳಿಗೇ. ಕಾನ್, ಸೇಂಟ್ ಲೋ ನಗರಗಳು ನೆಲಸಮವಾದವು. ಕಾನ್‌ನಲ್ಲಿ 1988ರಲ್ಲಿ ತೆರೆದ ಸ್ಮಾರಕ ವಸ್ತುಸಂಗ್ರಹಾಲಯ ಆ ನೋವನ್ನೂ ಮುಚ್ಚಿಡದೆ ತೋರಿಸುತ್ತದೆ. ನಾರ್ಮಂಡಿಗೆ ಹೋದವರು ಅದನ್ನು ನೋಡದೆ ಬರಬಾರದು.

ಹೋಗುವುದು, ನೋಡುವುದು

ಪ್ಯಾರಿಸ್‌ನ ಸೇಂಟ್ ಲಝಾರ್ ನಿಲ್ದಾಣದಿಂದ ಬಾಯೂ ನಗರಕ್ಕೆ ರೈಲಿನಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚಿನ ಪಯಣ. ಅಲ್ಲಿಂದ ಅರೋಮಾಂಶ್ ಸುಮಾರು 10 ಕಿಲೋಮೀಟರ್. ಬಾಯೂ ಜೂನ್ 7ರಂದೇ ಹೆಚ್ಚಿನ ಹಾನಿಯಿಲ್ಲದೆ ಬಿಡುಗಡೆಯಾದ ನಗರ. 1066ರಲ್ಲಿ ನಾರ್ಮಂಡಿಯ ವಿಲಿಯಂ ಕಡಲು ದಾಟಿ ಇಂಗ್ಲೆಂಡನ್ನು ಗೆದ್ದ ಕಥೆ ಹೇಳುವ, ಸುಮಾರು 70 ಮೀಟರ್ ಉದ್ದದ ಕಸೂತಿ ಬಟ್ಟೆಯಿಂದ ಅದು ಜಗತ್ಪ್ರಸಿದ್ಧ. ಅಂದು ಸೋತವರ ವಂಶಸ್ಥರು ಗೆದ್ದವನ ನಾಡನ್ನು ಬಿಡಿಸಿದರೆಂಬ ಅರ್ಥದ ಲ್ಯಾಟಿನ್ ಸಾಲನ್ನು ಇದೇ ಊರಿನ ಬ್ರಿಟಿಷ್ ಯುದ್ಧಸ್ಮಾರಕದಲ್ಲಿ ಕೆತ್ತಿದ್ದಾರೆ.

ಅರೋಮಾಂಶ್‌ನ ವಸ್ತುಸಂಗ್ರಹಾಲಯ 1954ರಲ್ಲಿ ಶುರುವಾದದ್ದು. 2023ರಲ್ಲಿ ಹೊಸ ಕಟ್ಟಡಕ್ಕೆ ಬಂದಿದೆ. ಬಂದರು ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ಮಾದರಿಗಳ ಮೂಲಕ ವಿವರಿಸುತ್ತಾರೆ. ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದ ಲೋಂಗ್ ಸುರ್ ಮೆರ್‌ನಲ್ಲಿ ಜರ್ಮನ್ನರ ಫಿರಂಗಿಗಳು ತಮ್ಮ ಕಾಂಕ್ರೀಟ್ ಗೂಡುಗಳಲ್ಲೇ ಇವೆ. ಜೂನ್ ಮೊದಲ ವಾರದಲ್ಲಿ ಜನಜಂಗುಳಿ, ಕೋಣೆ ಸಿಗುವುದು ಕಷ್ಟ. ಮೇ ಅಥವಾ ಸೆಪ್ಟೆಂಬರ್ ಅನುಕೂಲ. ಹೊರಡುವ ಮುನ್ನ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ಇಳಿತದಲ್ಲಿ ಮರಳಿಗಿಳಿದು, ಉಬ್ಬರ ಶುರುವಾಗುವ ಮೊದಲೇ ಹಿಂದಿರುಗಿ. ನೀರು ಇಲ್ಲಿ ಎಷ್ಟು ಬೇಗ ಏರುತ್ತದೆಂದು ಒಮ್ಮೆ ಕಂಡವರಿಗೆ, ಆ ನೀರಿನ ಮೇಲೆ ರಸ್ತೆ ಹಾಸಿದ ಕಾರ್ಮಿಕರ, ಎಂಜಿನಿಯರುಗಳ ಕೆಲಸ ಯಾವ ಯೋಧನ ಸಾಹಸಕ್ಕೂ ಕಡಿಮೆಯದಲ್ಲ ಎಂಬುದು ಮನದಟ್ಟಾಗುತ್ತದೆ.