ಹೋಟೆಲ್ ಸಂಗೀತ: ಮರೆತುಹೋದ ಒಂದು ಬಾಬ್ತು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐರೋಪ್ಯ ಹೋಟೆಲುಗಳೂ ಪ್ರಯಾಣಿಕ ಹಡಗುಗಳೂ ಚಹಾ ಮತ್ತು ಭೋಜನದ ವೇಳೆಯಲ್ಲಿ ಅತಿಥಿಗಳಿಗಾಗಿ ಲಘು ಸಂಗೀತವನ್ನು ಏರ್ಪಡಿಸುತ್ತಿದ್ದವು. ಧ್ವನಿಮುದ್ರಿಕೆ ಹಾಗೂ ರೇಡಿಯೋ ಬಂದ ಬಳಿಕ ಈ ಕಸುಬು ಕ್ಷೀಣಿಸಿತು. 1980ರ ದಶಕದಿಂದ ಅದಕ್ಕೆ ಮರುಜೀವ ನೀಡಿದವರಲ್ಲಿ ಸ್ವಿಟ್ಜರ್ಲೆಂಡಿನ ‘ಇ ಸಲೋನಿಸ್ತಿ’ ತಂಡವು ಗಮನಾರ್ಹವಾದುದು. ಎರಡು ಪಿಟೀಲು, ಚೆಲ್ಲೋ, ಡಬಲ್ ಬಾಸ್ ಮತ್ತು ಪಿಯಾನೊ, ಇಷ್ಟೇ ಅದರ ಬಂಡವಾಳ.

ಐವರಿಂದಲೇ ಈ ಸಂಗೀತ ತುಂಬಿ ಕೇಳಿಸುವುದಕ್ಕೆ ಅಂದಿನ ಪ್ರಕಾಶಕರ ವ್ಯಾಪಾರ ಜಾಣ್ಮೆಯೂ ಕಾರಣ. ವಾದಕರು ಕಡಿಮೆ ಬಿದ್ದಲ್ಲಿ ಅವರ ಮುಖ್ಯ ಸ್ವರಗಳನ್ನು ಉಳಿದವರು ನುಡಿಸುವಂತೆ ಚಿಕ್ಕ ಗುರುತುಗಳಲ್ಲಿ ಮುದ್ರಿಸಲಾಗುತ್ತಿತ್ತು. ಹೀಗಾಗಿ ಒಂದೇ ಸ್ವರಪ್ರತಿಯು ಸಣ್ಣ ಹೋಟೆಲಿಗೂ ದೊಡ್ಡ ಹೋಟೆಲಿಗೂ ಮಾರಾಟವಾಗುತ್ತಿತ್ತು.

1997ರ ‘ಟೈಟಾನಿಕ್’ ಚಲನಚಿತ್ರದಲ್ಲಿ ಹಡಗಿನ ವಾದ್ಯವೃಂದವಾಗಿ ಕಾಣಿಸಿಕೊಂಡವರು ಇದೇ ತಂಡದವರು. 1912ರಲ್ಲಿ ಆ ಹಡಗಿನೊಡನೆ ಮುಳುಗಿದ ಎಂಟು ಮಂದಿ ವಾದಕರಾದರೋ ಲಿವರ್‌ಪೂಲಿನ ಏಜೆಂಟರ ಮೂಲಕ ನೇಮಕಗೊಂಡು, ಎರಡನೆಯ ದರ್ಜೆಯ ಪ್ರಯಾಣಿಕರಾಗಿ ಹಡಗನ್ನೇರಿದ್ದರು. ತಮ್ಮ ನೌಕರರಲ್ಲವೆಂದು ಹಡಗು ಕಂಪನಿಯು ಹೊಣೆಯನ್ನು ನಿರಾಕರಿಸಿತು. ಏಜೆಂಟರಿಂದಲೂ ಪರಿಹಾರ ದೊರೆಯಲಿಲ್ಲ. ಬದಲಿಗೆ ಎರಡೇ ವಾರಗಳಲ್ಲಿ ಮೃತ ವಾದಕನೊಬ್ಬನ ತಂದೆಗೆ ಸಮವಸ್ತ್ರದ ಬಾಕಿಗಾಗಿ ಪತ್ರ ತಲುಪಿತು. ಕುಟುಂಬಗಳಿಗೆ ಕಡೆಗೆ ಆಸರೆಯಾದುದು ಸಾರ್ವಜನಿಕರ ವಂತಿಗೆಯ ನಿಧಿ.

ಮೊದಲ ದರ್ಜೆಯ ಅತಿಥಿಗೆ ಆ ಸಂಗೀತವು ಟಿಕೆಟಿನ ಬೆಲೆಯಲ್ಲೇ ಅಡಕವಾದ ಸೌಲಭ್ಯವಾಗಿತ್ತು. ನುಡಿಸಿದವರು ಮಾತ್ರ ಯಾರ ಲೆಕ್ಕಪುಸ್ತಕದಲ್ಲೂ ಇರಲಿಲ್ಲ. ಹೊರಗಿನವರಿಂದ ಕೆಲಸ ಮಾಡಿಸುವ ಉದ್ಯಮಿಯು ಗುತ್ತಿಗೆ ಪತ್ರದಲ್ಲಿ ವೇತನದ ಮೊತ್ತವನ್ನು ಬರೆಸಿದರಷ್ಟೇ ಸಾಲದು. ಅವಘಡ ಸಂಭವಿಸಿದರೆ ಹೊಣೆ ಯಾರದೆಂಬುದನ್ನೂ ಮೊದಲೇ ಬರೆಸುವುದು ಒಳಿತು.