ಮೂರು ಕುದುರೆಗೆ ಒಂದು ಲಕ್ಷದ ಇಪ್ಪತ್ತು ಸಾವಿರ

ಸೋಮವಾರ ಬೆಳಗಿನ ಜಾವ ಐದಕ್ಕೆ ಫೋರ್ಟ್ ಕೊಚ್ಚಿಯ ನಮ್ಮ ಓಣಿಯಲ್ಲಿ ಎದ್ದಿರುವವರು ಇಬ್ಬರೇ. ಒಬ್ಬ ಹಾಲಿನವನು, ಇನ್ನೊಬ್ಬ ನಾನು. ನನ್ನ ಕೆಲಸ ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ. ಆದರೆ ವಾರಕ್ಕೊಮ್ಮೆ ತಿರುವನಂತಪುರದ ಟೆಕ್ನೋಪಾರ್ಕ್‌ಗೆ ಹೋಗಿ ಅಲ್ಲಿನ ತಂಡಕ್ಕೆ ಮುಖ ತೋರಿಸಿ ಬರಬೇಕು. ಮೊದಲೆಲ್ಲ ನಾನು ಕಾರು ತೆಗೆದದ್ದು ಹಾಲಿನವನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಮಳೆಗಾಲದಿಂದ ಇಡೀ ಓಣಿಗೆ ಗೊತ್ತಾಗತೊಡಗಿತು.

ಕಾರು 2012ರ ಸ್ಕೋಡಾ ಸೂಪರ್ಬ್. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 160 ಅಶ್ವಶಕ್ತಿ, ಏಳು ಗೇರಿನ ಡಿಎಸ್‌ಜಿ. ಹಿಂದಿನ ಸೀಟಿನಲ್ಲಿ ಕಾಲು ಚಾಚಿದರೆ ನಮ್ಮೂರ ಜಗಲಿಯಲ್ಲಿ ಕೂತ ಹಾಗೆ. ಹೊಸದಿದ್ದಾಗ ಅದರ ಬೆಲೆ ಕೇಳಲೂ ನನಗೆ ಧೈರ್ಯವಿರಲಿಲ್ಲ. ಎಂಟೆಕ್ ಮುಗಿಸಿ ಹತ್ತು ವರ್ಷ ದುಡಿದ ಮೇಲೆ, ಬೇರೆಯವರು ಬಿಟ್ಟುಕೊಟ್ಟ ಐಷಾರಾಮ ಕೈಗೆಟುಕಿತು. ಸುಮ್ಮನೆ ಓಡಿಸಿಕೊಂಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಸಹೋದ್ಯೋಗಿಯೊಬ್ಬನ ಕಾರಿನಲ್ಲಿ ಒಂದು ಸಂಜೆ ಸುತ್ತಿದ್ದೇ ನೆಪ. ಅವನು ಏರ್ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಬದಲಿಸಿದ್ದ. ಆಕ್ಸಿಲರೇಟರ್ ಒತ್ತಿದಾಗ ಬಂದ ಗುಟುರು ನೇರ ಎದೆಗೆ ಬಡಿಯಿತು. ‘ಇಪ್ಪತ್ತು ಎಚ್‌ಪಿ ಜಾಸ್ತಿ ಆಗಿದೆ’ ಅಂದ. ನಂಬಿದೆ. ತಿಂಗಳೊಳಗೆ ಗ್ಯಾರೇಜೊಂದರಲ್ಲಿ ಇನ್‌ಟೇಕ್‌ಗೆ 38 ಸಾವಿರ, ಕ್ಯಾಟಲಿಟಿಕ್ ಕನ್ವರ್ಟರಿನಿಂದ ಹಿಂದಕ್ಕೆ ಪೂರ್ತಿ ಹೊಸ ಸ್ಟೀಲ್ ಪೈಪು ಮತ್ತು ಸೈಲೆನ್ಸರ್‌ಗೆ 82 ಸಾವಿರ ಎಣಿಸಿಕೊಟ್ಟೆ. ಹೆಂಡತಿಗೆ ‘ಸರ್ವಿಸ್’ ಅಂದೆ. ಪೂರ್ತಿ ಸುಳ್ಳಲ್ಲ.

ತತ್ವ ಸರಳ. ಎಂಜಿನ್ ಎಂದರೆ ಗಾಳಿ ಎಳೆದು ಬಿಡುವ ಪಂಪು. 1.8 ಲೀಟರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ, ಟರ್ಬೊ ಇಲ್ಲದಿದ್ದರೂ ಸುಮಾರು 5,400 ಲೀಟರ್ ಗಾಳಿ ಕುಡಿಯುತ್ತದೆ. ಟರ್ಬೊ ಇದ್ದರೆ ಇನ್ನೂ ಹೆಚ್ಚು. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಹೊಗೆ ಸಲೀಸಾಗಿ ಹೊರಗೆ ಹೋದರೆ ಅದನ್ನು ದೂಡಲು ಎಂಜಿನ್ ಪಡುವ ಶ್ರಮ ಉಳಿಯುತ್ತದೆ. ಇಷ್ಟೂ ನಿಜ. ಆದರೆ ಕಂಪನಿಯ ಎಂಜಿನಿಯರುಗಳಿಗೂ ಇದು ಗೊತ್ತಿರುತ್ತದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಟರ್ಬೊ ಕಾರಿನಲ್ಲಿ ಎಷ್ಟು ಒತ್ತಡದ ಗಾಳಿ ಒಳಗೆ ಹೋಗಬೇಕೆಂದು ತೀರ್ಮಾನಿಸುವುದು ಇಸಿಯುವಿನೊಳಗಿನ ಸಾಫ್ಟ್‌ವೇರ್. ಪೈಪು ದಪ್ಪವಾದರೂ ಸಾಫ್ಟ್‌ವೇರ್ ತನ್ನ ಗುರಿಗೇ ಅಂಟಿಕೊಂಡಿರುತ್ತದೆ. ದಿನವಿಡೀ ಕೋಡ್ ಬರೆಯುವವನಿಗೆ ಇದು ಹೊಳೆಯದೇ ಹೋದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಳತೆಗೆಂದು ಕಾರನ್ನು ಮೊದಲೊಮ್ಮೆ, ಬದಲಾವಣೆಯ ನಂತರ ಇನ್ನೊಮ್ಮೆ ಕೊಯಮತ್ತೂರಿನ ಒಂದೇ ಡೈನೊ ಮೇಲೆ ಹತ್ತಿಸಿದ್ದೆ. ಡೈನೊ ಎಂದರೆ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ಗೇರು, ಟೈರುಗಳಲ್ಲಿ ಒಂದಷ್ಟು ಶಕ್ತಿ ಸೋರಿಹೋಗುವುದರಿಂದ 160ರ ಕಾರು ಅಲ್ಲಿ 136ರ ಆಸುಪಾಸು ತೋರಿಸಬೇಕು. ನನ್ನದು ಮೊದಲು ತೋರಿಸಿದ್ದು 131. ಗ್ಯಾರೇಜಿನ ಕೆಲಸದ ನಂತರ 134. ಮೂರು! ಕುದುರೆಯೊಂದಕ್ಕೆ ನಲವತ್ತು ಸಾವಿರ. ಒಂದೇ ಕಾರನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದರೂ ಅಷ್ಟು ವ್ಯತ್ಯಾಸ ಬರುತ್ತದೆ ಎಂದು ಡೈನೊದ ಹುಡುಗ ತಣ್ಣಗೆ ಹೇಳಿದ.

ಸೋಲೊಪ್ಪದೆ ಮುನ್ನೂರು ರೂಪಾಯಿಯ ತಾಪಮಾನದ ಸೆನ್ಸರೊಂದನ್ನು ಇನ್‌ಟೇಕ್ ಬಾಯಿಗೆ ಕಟ್ಟಿ, ಒಂದು ವಾರದ ಡೇಟಾ ತೆಗೆದೆ. ಹೊಸ ಫಿಲ್ಟರ್ ಕೋನ್ ಆಕಾರದ್ದು, ಬಾನೆಟ್ ಒಳಗೆ ಬರಿಮೈಯಲ್ಲಿ ಕೂತಿರುತ್ತದೆ. ಹಳೆಯ ಪ್ಲಾಸ್ಟಿಕ್ ಡಬ್ಬಿ ನೋಡಲು ಅಂದಗೇಡಿ, ಆದರೆ ಗ್ರಿಲ್ ಹಿಂದಿನಿಂದ ತಂಪು ಗಾಳಿ ಎಳೆಯುತ್ತಿತ್ತು. ವೈಟ್ಟಿಲ ಜಂಕ್ಷನ್‌ನಲ್ಲಿ ಸಿಗ್ನಲ್ಲಿಗೆ ಕಾಯುವಾಗ ಹೊಸ ಫಿಲ್ಟರಿನ ಬಾಯಲ್ಲಿ 58 ಡಿಗ್ರಿ. ಹಳೆಯ ಡಬ್ಬಿ ಮತ್ತೆ ಕೂರಿಸಿ ನೋಡಿದರೆ ಅದೇ ಜಾಗದಲ್ಲಿ 41. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಶೇ 3ರಷ್ಟು ತೆಳ್ಳಗಾಗುತ್ತದೆ. ಇಂಟರ್‌ಕೂಲರ್ ಒಂದಷ್ಟು ಸರಿದೂಗಿಸುತ್ತದೆ, ನಿಜ. ಆದರೂ ದುಡ್ಡು ಕೊಟ್ಟು ಬಿಸಿಗಾಳಿ ಕುಡಿಸುತ್ತಿದ್ದೆ ಎಂಬುದು ಗ್ರಾಫಿನಲ್ಲಿ ಕಣ್ಣಿಗೆ ಹೊಡೆಯುವಂತಿತ್ತು.

ಗಾಳಿಯ ಮಾತು ಬಂದದ್ದಕ್ಕೆ ಇನ್ನೊಂದು ಲೆಕ್ಕ ಹೇಳುತ್ತೇನೆ, ಬೆಂಗಳೂರು ಬಿಟ್ಟು ಕಡಲತೀರದ ಊರುಗಳಿಗೆ ಹೋದ ಎಲ್ಲರಿಗೂ ಇದು ಅನ್ವಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಶೇ 10ರಷ್ಟು ಕಡಿಮೆ. ಕೊಚ್ಚಿಯ ಸೆಖೆಯೂ ತೇವವೂ ಸೇರಿ ಇಲ್ಲಿನ ಲಾಭವನ್ನು ಸ್ವಲ್ಪ ತಿನ್ನುತ್ತವೆ. 33 ಡಿಗ್ರಿ ಬಿಸಿಲಲ್ಲಿ ಶೇ 75 ತೇವಾಂಶವಿದ್ದರೆ ನಾವು ಉಸಿರಾಡುವ ಗಾಳಿಯಲ್ಲಿ ಶೇ 4ರ ಹತ್ತಿರ ಬರೀ ನೀರಾವಿ. ಎಲ್ಲ ಕಳೆದು ಕೂಡಿದರೂ, ಟರ್ಬೊ ಇಲ್ಲದ ಸಾದಾ ಕಾರು ಬೆಂಗಳೂರಿನಿಂದ ಇಲ್ಲಿಗೆ ಇಳಿದರೆ ಶೇ 6-7ರಷ್ಟು ಶಕ್ತಿ ಪುಕ್ಕಟೆ ಸಿಗುತ್ತದೆ. ನನ್ನ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ಸಿಕ್ಕಿದ್ದು ಶೇ 2.

ಗ್ಯಾರೇಜಿನವರ ಮುಂದಿನ ಸಲಹೆ ಸಿದ್ಧವಿತ್ತು: ಇಸಿಯು ರೀಮ್ಯಾಪ್ ಮಾಡಿಸಿ, ಕ್ಯಾಟ್ ಕಿತ್ತು ಹಾಕಿ. ರೀಮ್ಯಾಪಿನಿಂದ ಶಕ್ತಿ ಹೆಚ್ಚುವುದು ಸುಳ್ಳಲ್ಲ, ಟರ್ಬೊ ಕಾರುಗಳಲ್ಲಿ ನಿಜವಾದ ಏರಿಕೆ ಬರುವುದೇ ಅಲ್ಲಿಂದ. ಆದರೆ ನನ್ನ ಕಾರಿನ ಡಿಎಸ್‌ಜಿ ಡಿಕ್ಯೂ200 ಎಂಬ ಒಣ ಕ್ಲಚ್ಚಿನ ಗೇರ್‌ಬಾಕ್ಸ್. ಅದನ್ನು ರೂಪಿಸಿರುವುದೇ 250 ನ್ಯೂಟನ್ ಮೀಟರ್ ಟಾರ್ಕ್‌ಗೆ, ಎಂಜಿನ್ ಕೊಡುವುದೂ ಸರಿಯಾಗಿ 250. ಮುಂದಿನ ತಲೆಮಾರಿನ ಸೂಪರ್ಬ್‌ನಲ್ಲಿ ಮ್ಯಾನ್ಯುಯಲ್ ಕಾರಿಗೆ 320 ಕೊಟ್ಟು, ಆಟೊಮ್ಯಾಟಿಕ್ ಕಾರಿಗೆ 250ರಲ್ಲೇ ನಿಲ್ಲಿಸಿದ್ದನ್ನು ನೋಡಿದರೆ ಸಾಕು. ಇನ್ನು ಕ್ಯಾಟ್ ವಿಷಯ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪದ ಆ ಡಬ್ಬಿಯೇ ಕಾರ್ಬನ್ ಮಾನಾಕ್ಸೈಡನ್ನು ಕಡಿಮೆ ಮಾಡುವುದು. ನಾಲ್ಕು ವರ್ಷದ ಮಗಳು ಮನೆಯೆದುರು ಸೈಕಲ್ ಕಲಿಯುವ ಓಣಿಯಲ್ಲಿ ಅದನ್ನು ಕಿತ್ತು ಹಾಕಲು ಮನಸ್ಸು ಒಪ್ಪಲಿಲ್ಲ. ಅಲ್ಲಿಗೆ ನಿಲ್ಲಿಸಿದೆ.

ಸದ್ದು ಮಾತ್ರ ನಿಲ್ಲಲಿಲ್ಲ. ಪಕ್ಕದ ಮನೆಯ ಅಜ್ಜಿ ಕೊಂಕಣಿಯವರು. ಮಟ್ಟಾಂಚೇರಿಯ ಚೆರ್ಲಾಯಿಯಲ್ಲಿ ಹುಟ್ಟಿ ಬೆಳೆದವರು. ಕುಮಟಾದವನಾದ ನನಗೆ ಕೊಂಕಣಿ ಅರ್ಥವಾಗುತ್ತದೆ ಎಂದು ತಿಳಿದ ದಿನದಿಂದ ನನ್ನನ್ನು ‘ಪುತಾ’ ಎಂದೇ ಕರೆಯುತ್ತಾರೆ. ಹಬ್ಬದ ದಿನ ನಮ್ಮ ಮನೆಗೆ ಪಾತೋಳಿ ಬರುತ್ತದೆ, ಥೇಟು ನಮ್ಮ ಕಡೆಯದ್ದೇ, ಅರಿಶಿನ ಎಲೆಯ ಪರಿಮಳದ ಸಮೇತ. ಸೈಲೆನ್ಸರ್ ಬದಲಿಸಿ ಎರಡು ತಿಂಗಳಾದ ಮೇಲೆ ಒಂದು ದಿನ ಅವರೇ ಗೇಟಿನ ಬಳಿ ಬಂದರು. ದೂರಲಿಲ್ಲ. ‘ಪುತಾ, ಸೋಮವಾರ ಎಷ್ಟು ಗಂಟೆಗೆ ಹೊರಡ್ತೀ ಅಂತ ಹಿಂದಿನ ರಾತ್ರಿ ಹೇಳಿಬಿಡು. ಅವರನ್ನು ಮೊದಲೇ ಎಬ್ಬಿಸಿ ಕೂರಿಸ್ತೇನೆ. ನಿದ್ದೆಯಲ್ಲಿ ಬೆಚ್ಚಿ ಬಿದ್ದರೆ ಆಮೇಲೆ ಅರ್ಧ ದಿನ ಕೈ ನಡುಗುತ್ತದೆ’ ಅಂದರು. ಅವರ ಯಜಮಾನರು ಪಾರ್ಶ್ವವಾಯು ಬಡಿದು ಮಲಗಿದವರು. ನಾನು ನಿಂತಲ್ಲೇ ಕುಗ್ಗಿಹೋದೆ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದದ ಮಿತಿ 45 ಡೆಸಿಬಲ್ ಎಂದು 2000ದ ನಿಯಮದಲ್ಲಿರುವುದನ್ನು ಆಮೇಲೆ ಓದಿಕೊಂಡೆ. ಹತ್ತು ಡೆಸಿಬಲ್ ಹೆಚ್ಚಾದರೆ ಕಿವಿಗೆ ಸದ್ದು ಎರಡು ಪಟ್ಟು ಎನಿಸುತ್ತದೆ. ಆ ಇಕ್ಕಟ್ಟಿನ ಓಣಿಯಲ್ಲಿ ಗೋಡೆಗೆ ಬಡಿದು ಇನ್ನೂ ಜೋರಾಗಿ ಕೇಳುತ್ತದೆ.

ಅಷ್ಟಾದರೂ ತಕ್ಷಣ ಕಳಚಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮುಖ್ಯರಸ್ತೆಯವರೆಗೆ ನ್ಯೂಟ್ರಲ್‌ನಲ್ಲಿ ತಳ್ಳಿಕೊಂಡು ಹೋಗುವ ಯೋಚನೆಯನ್ನೂ ಮಾಡಿದ್ದೆ. ಒಂದೂವರೆ ಟನ್ ಕಾರು!

ಕಡೆಗೂ ಕೈ ಹಿಡಿದು ತಿರುಗಿಸಿದ್ದು ನಂಬರ್ ಪ್ಲೇಟು. ಹೊರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಮಾಡಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47. ಇಲ್ಲಿನ ಕನ್ನಡಿಗರು ಸೇರಿದಾಗೆಲ್ಲ ಎರಡನೆಯ ಮಾತೇ ಇದು: ‘ನಿಂದಿನ್ನೂ ಕೆಎನಾ, ಕೆಎಲ್ ಆಯ್ತಾ?’ ಬೆಂಗಳೂರಿನಿಂದ ಎನ್‌ಒಸಿ ತರಿಸಿ, ಇಲ್ಲಿನ ತೆರಿಗೆಗೆ ಬೆವರಿ, ಮಟ್ಟಾಂಚೇರಿಯ ಕೆಎಲ್ 43ಕ್ಕೆ ಅರ್ಜಿ ಹಾಕಿದೆ. ತಪಾಸಣೆಯ ದಿನ ಇನ್‌ಸ್ಪೆಕ್ಟರು ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿಸಿಕೊಂಡರು, ಕಾಗದ ನೋಡಿದರು, ಎಂಜಿನ್ ಸ್ಟಾರ್ಟ್ ಮಾಡಲು ಹೇಳಿದರು. ಅರ್ಧ ಸೆಕೆಂಡು ಸಾಕಾಯಿತು. ‘ಇದ್ ಒರಿಜಿನಲ್ ಅಲ್ಲಲ್ಲೋ’ ಎಂದು ನಕ್ಕರು. ಇನ್‌ಟೇಕ್ ಬದಲಿಸಿದ್ದು ಬಾನೆಟ್ ಎತ್ತದೆ ಗೊತ್ತಾಗುವುದಿಲ್ಲ, ಸೈಲೆನ್ಸರ್ ತಾನಾಗಿಯೇ ಕೂಗಿ ಹೇಳುತ್ತದೆ.

ಈ ವಿಷಯದಲ್ಲಿ ಕೇರಳದಲ್ಲಿ ಚೌಕಾಸಿ ನಡೆಯುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸೆಕ್ಷನ್ 52ರ ಅಡಿ ತೀರ್ಪು ಕೊಟ್ಟದ್ದು ಇಲ್ಲಿಂದಲೇ ಹೋದ ಪ್ರಕರಣದಲ್ಲಿ. ಅದೇ ವರ್ಷ ಕಾಯ್ದೆ ತಿದ್ದುಪಡಿಯಾಗಿ, ಮಾಲೀಕ ಮಾಡಿಸಿದ ಇಂಥ ಪ್ರತಿ ಬದಲಾವಣೆಗೂ ಐದು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂಬ ಕಲಂ ಬಂತು. 2021ರ ಆಗಸ್ಟ್‌ನಲ್ಲಿ ಕಣ್ಣೂರಿನಲ್ಲಿ ಇ-ಬುಲ್‌ಜೆಟ್ ಎಂಬ ಯೂಟ್ಯೂಬ್ ಚಾನೆಲ್ಲಿನವರ ಮಾರ್ಪಡಿಸಿದ ವ್ಯಾನು ವಶವಾಗಿ, ಅದರ ಗಲಾಟೆ ಬಂಧನದವರೆಗೆ ಹೋದದ್ದು ಮನೆಮಾತಾಗಿತ್ತು. ಮರುವರ್ಷ ಸೈಲೆನ್ಸರ್ ಕಿತ್ತ ಬೈಕುಗಳ ಮೇಲೆ ‘ಆಪರೇಷನ್ ಸೈಲೆನ್ಸ್’ ಎಂಬ ಹೆಸರಿನಲ್ಲೇ ದಾಳಿ ನಡೆಯಿತು. ನನಗೆ ಆ ದಿನ ದಂಡ ಬೀಳಲಿಲ್ಲ. ಮೂಲ ಭಾಗಗಳನ್ನು ಹಾಕಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದರು, ಅಷ್ಟೆ.

ಪುಣ್ಯಕ್ಕೆ ಹಳೆಯ ಸೈಲೆನ್ಸರ್ ಮಂಚದ ಕೆಳಗಿತ್ತು. ಅದೇ ವಾರ ಅಪ್ಪ ಊರಿಂದ ಬಂದಿದ್ದರು. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಮೇಲೆ ಕೈಯಿಟ್ಟು ಕೇಳಿಸಿಕೊಂಡರು. ‘ತಮಾ, ಇದು ಬಾಯಿ ಮಾಡ್ತಾ ಇದೆ, ಎಳೀತಾ ಇಲ್ಲ. ಮೊದಲು ಪ್ಲಗ್ ಬಿಚ್ಚು’ ಅಂದರು. ಸಿಲಿಂಡರಿಗೇ ನೇರವಾಗಿ ಪೆಟ್ರೋಲ್ ಚಿಮ್ಮುವ ಇಂಥ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್‌ಗಳ ಬೆನ್ನಿಗೆ ಪೆಟ್ರೋಲ್ ತಾಗುವುದೇ ಇಲ್ಲ, ಹಾಗಾಗಿ ವರ್ಷಗಟ್ಟಲೆ ಇಂಗಾಲ ಗಟ್ಟಿಕಟ್ಟುತ್ತದೆ. ತೆಗೆಸಿ ನೋಡಿದಾಗ ದೋಸೆ ಕಾವಲಿಯ ಅಂಚಿನ ಹಾಗಿತ್ತು. ಅಕ್ರೋಟಿನ ಸಿಪ್ಪೆಯ ಪುಡಿಯನ್ನು ಗಾಳಿಯೊತ್ತಡದಲ್ಲಿ ಚಿಮ್ಮಿಸಿ ಅದನ್ನು ಕೆರೆದು ತೆಗೆಯುತ್ತಾರೆ. ಹೊಸ ಪ್ಲಗ್, ಹೊಸ ಕಾಗದದ ಫಿಲ್ಟರ್, ಹಳೆಯ ಡಬ್ಬಿ, ಹಳೆಯ ಸೈಲೆನ್ಸರ್. ಕೊಯಮತ್ತೂರಿನ ಅದೇ ರೋಲರ್ ಮೇಲೆ ಈ ಸಲ ಬಂದದ್ದು 137. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, ಡೈನೊಗೆ ಎಷ್ಟು ಕೊಟ್ಟೆ ಎಂದು ಕೇಳಿದರು.

ಕೆಎಲ್ 43 ನಂಬರು ಬಂದಿದೆ. ತಿರುವನಂತಪುರದ ದಾರಿ ಮಾತ್ರ ಹಾಗೇ ಇದೆ. ನಮ್ಮ ಕುಮಟಾದ ಮೇಲೆ ಹಾಯ್ದು ಬರುವ ಅದೇ ಹೆದ್ದಾರಿ 66, ಅಲ್ಲಿನ ಹಾಗೇ ಇಲ್ಲೂ ಕಾಮಗಾರಿ. ಅರೂರ್‌ನಿಂದ ತುರವೂರ್‌ವರೆಗಿನ ಹನ್ನೆರಡು ಮುಕ್ಕಾಲು ಕಿಲೋಮೀಟರ್ ಮೇಲ್ಸೇತುವೆಯ ಕೆಲಸ ನಡೆಯುವಾಗ ಅದರ ಕೆಳಗೆ ಎಷ್ಟೋ ಸೋಮವಾರ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಿದ್ದೇನೆ. 131 ಆಗಲಿ 137 ಆಗಲಿ, ಅಲ್ಲಿ ಎಲ್ಲ ಒಂದೇ. ಉಳಿದ ಕಡೆ ರಾಜ್ಯದುದ್ದಕ್ಕೂ 2023ರ ಜೂನ್‌ನಿಂದ 726 ಕ್ಯಾಮೆರಾಗಳು ಕಣ್ಣಿಟ್ಟಿವೆ.

82 ಸಾವಿರದ ಸ್ಟೀಲ್ ಪೈಪು ಈಗ ಮಂಚದ ಕೆಳಗಿದೆ. ಕೊಳ್ಳುವವರು ಮೂವತ್ತಕ್ಕಿಂತ ಮೇಲೆ ಏರುತ್ತಿಲ್ಲ. ಹೋದ ವಾರ ಗೇಟಿನ ಬಳಿ ಅಜ್ಜಿ ತಡೆದು ನಿಲ್ಲಿಸಿದರು. ಮುಖದಲ್ಲಿ ಆತಂಕ. ‘ಪುತಾ, ಈಗೀಗ ಸೋಮವಾರ ನೀನು ಹೋಗೋದೇ ಕಾಣೆ. ಕೆಲಸ ಇದೆ ತಾನೆ?’